ಧೂಳೆಂದು ಅಳಿಸಿದ ಚುಕ್ಕೆ

ಕಳೆದ ಬೇಸಿಗೆಯಲ್ಲಿ ನಮ್ಮ ಕಡೆಯ ಒಂದು ಸಣ್ಣ ಸಂಗೀತ ಪತ್ರಿಕೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಉರ್ದು ಬಲ್ಲವನೆಂಬ ಕಾರಣಕ್ಕೆ, ಬಂದಿಶ್‌ಗಳ ಮಾತುಗಳನ್ನು ನೋಡಿಕೊಡಲು ಕೇಳಿದ್ದರು. ಸಂಗೀತ ನನಗೆ ಕೇಳಿ ಗೊತ್ತು, ಹಾಡಿ ಗೊತ್ತಿಲ್ಲ. ಹಾಗಾಗಿ ಸ್ವರಲಿಪಿಯ ಒಂದು ಪುಟವನ್ನು ಪರಿಚಯದ ಗಾಯನ ಶಿಕ್ಷಕರೊಬ್ಬರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರಿಗೆ ಕಣ್ಣು ಕಾಣುವುದಿಲ್ಲ. ಆರೋಹದ ಸಾಲು ಮುಗಿಯುವಷ್ಟರಲ್ಲಿ ತಡೆದರು.

‘ಮ್ಯಾಲೆ ಏನ್ ಬರದಾರ?’

‘ಭೈರವ ಅಂತ ಐತ್ರಿ.’

‘ನೀವು ಓದಿದ್ದು ಕಾಫಿರೀ.’

ಭೈರವದಲ್ಲಿ ರಿಷಭ, ಧೈವತ ಎರಡೂ ಕೋಮಲ. ಭಾತಖಂಡೆಯವರ ಲಿಪಿಯಲ್ಲಿ ಕೋಮಲ ಸ್ವರಕ್ಕೆ ಅಕ್ಷರದ ಕೆಳಗೊಂದು ಅಡ್ಡಗೆರೆ. ನನ್ನ ಮುಂದಿದ್ದ ಪುಟದಲ್ಲಿ ಆ ಗೆರೆಗಳು ಒಂದೊಂದು ಅಕ್ಷರ ಬಲಕ್ಕೆ ಸರಿದು, ‘ರೆ’ ಬಿಟ್ಟು ‘ಗ’ದ ಕೆಳಗೆ, ‘ಧ’ ಬಿಟ್ಟು ‘ನಿ’ಯ ಕೆಳಗೆ ಕೂತಿದ್ದವು. ಗಾಂಧಾರ, ನಿಷಾದ ಕೋಮಲವಾದರೆ ಅದು ಕಾಫಿ ಥಾಟ್. ಅವರೋಹದಲ್ಲಂತೂ ಗೆರೆ ಪಂಚಮದ ಕೆಳಗೆ ಬಂದಿತ್ತು. ಪಂಚಮಕ್ಕೆ ಕೋಮಲವೇ ಇಲ್ಲ!

ಪುಟ ತಯಾರಾದದ್ದು ಕೊಣ್ಣೂರಿನ ಹೆದ್ದಾರಿ ಬದಿಯ ಒಂದು ಡಿಟಿಪಿ ಅಂಗಡಿಯಲ್ಲಿ. ಮದುವೆ ಕಾರ್ಡು, ಜಾತ್ರೆಯ ಫ್ಲೆಕ್ಸ್, ಉರುಸಿನ ಪೋಸ್ಟರ್ ಎಲ್ಲವೂ ಅಲ್ಲೇ ಆಗುತ್ತವೆ. ಹುಡುಗ ಚುರುಕು, ಆದರೆ ಅವನಿಗೆ ಗೊತ್ತಿರುವುದು ಫೋಟೋಶಾಪ್ ಒಂದೇ. ಪತ್ರಿಕೆಯ ನಲವತ್ತೆಂಟು ಪುಟಗಳನ್ನೂ ಅದರಲ್ಲೇ ಮಾಡಿದ್ದ. ಸ್ವರಗಳನ್ನು ಒಂದು ಲೇಯರಿನಲ್ಲಿ ಟೈಪ್ ಮಾಡಿ, ಕೆಳಗಿನ ಗೆರೆಗಳನ್ನು ಇನ್ನೊಂದು ಲೇಯರಿನಲ್ಲಿ ಎಳೆದಿದ್ದ. ಆಮೇಲೆ ಯಾರೋ ಹೇಳಿದರೆಂದು ಸಾಲುಗಳ ಮೊದಲಿಗಿದ್ದ ಒಂದೊಂದು ಚಿಹ್ನೆಯನ್ನು ತೆಗೆದ. ಅಕ್ಷರಗಳೆಲ್ಲ ಒಂದು ಮನೆ ಎಡಕ್ಕೆ ಬಂದವು. ಗೆರೆಗಳು ತಮ್ಮ ಜಾಗ ಬಿಟ್ಟು ಕದಲಲಿಲ್ಲ.

ಇದನ್ನು ಹುಡುಗನ ತಪ್ಪೆಂದು ತಳ್ಳಿಹಾಕಿದರೆ ನನ್ನ ಈ ಬರಹಕ್ಕೆ ಕೆಲಸವಿಲ್ಲ. ನನ್ನ ತಕರಾರು ಪುಟವನ್ನು ಚಿತ್ರವೆಂದು ಕಾಣುವ ಕ್ರಮದ ಬಗ್ಗೆ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸಹೋದರರು ರೂಪಿಸಿದ, ಅಡೋಬಿ ಕಂಪನಿ 1990ರಲ್ಲಿ ಹೊರತಂದ ಫೋಟೋಶಾಪ್, ಹೆಸರೇ ಹೇಳುವಂತೆ ಫೋಟೋದ ಅಂಗಡಿ. ಪುಟ ಕಟ್ಟಲು ಬೇರೆ ಸಲಕರಣೆಗಳಿದ್ದವು. ಪೇಜ್‌ಮೇಕರ್ 1985ರಲ್ಲೇ ಬಂದಿತ್ತು. ಆದರೆ ನಮ್ಮ ತಾಲ್ಲೂಕಿನ ಊರುಗಳಿಗೆ ಕಂಪ್ಯೂಟರ್ ಅಚ್ಚಿನ ಕಸುಬು ಬಂದದ್ದು ಬಹುಮಟ್ಟಿಗೆ ಮದುವೆ ಆಲ್ಬಮ್ಮು ಮತ್ತು ಫ್ಲೆಕ್ಸಿನ ಹಾದಿಯಲ್ಲಿ. ಫ್ಲೆಕ್ಸಿಗೆ ಓದುಗನಿಲ್ಲ, ನೋಡುಗನಿದ್ದಾನೆ. ಬೈಕಿನ ಮೇಲೆ ಹೋಗುವವನ ಕಣ್ಣಿಗೆ ಮುಖ, ಹೆಸರು, ಹಳದಿ ಕಿರಣ ಕಂಡರೆ ಸಾಕು. ಆ ಕಣ್ಣು ಈಗ ಸಂಗೀತದ ಪುಟಕ್ಕೂ ಬಂದು ಕೂತಿದೆ.

ಕನ್ನಡ ಅಕ್ಷರದ ಪಾಡು ಬೇರೆಯೇ ಇತ್ತು. ಫೋಟೋಶಾಪಿನ ಹಳೆಯ ಆವೃತ್ತಿಗಳಿಗೆ ಯೂನಿಕೋಡ್ ಕನ್ನಡ ಕೊಟ್ಟರೆ ಒತ್ತಕ್ಷರ ಬಿಚ್ಚಿಕೊಂಡು ‘ಸ್ವರ’ ಮೂರು ತುಂಡಾಗುತ್ತಿತ್ತು. ಆದ್ದರಿಂದ ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳೇ ಗತಿಯಾದವು. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೊಸ ಆವೃತ್ತಿಗಳಲ್ಲಿ ಈ ತೊಡಕು ನಿವಾರಣೆಯಾಗಿದ್ದರೂ ಅಂಗಡಿಗಳ ರೂಢಿ ಅಷ್ಟು ಬೇಗ ಬದಲಾಗಿಲ್ಲ.

ಗೆರೆಯ ಕಥೆ ಹೀಗಾದರೆ ಚುಕ್ಕೆಯದು ಇನ್ನೂ ಸೂಕ್ಷ್ಮ. ಮಂದ್ರ ಸಪ್ತಕದ ಸ್ವರಕ್ಕೆ ಕೆಳಗೆ ಚುಕ್ಕೆ, ತಾರ ಸಪ್ತಕಕ್ಕೆ ಮೇಲೆ ಚುಕ್ಕೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೊಂದು ಉದ್ದಗೆರೆ. ಮಂದ್ರದ ಕೋಮಲ ನಿಷಾದಕ್ಕೆ ಗೆರೆಯೂ ಬೇಕು, ಚುಕ್ಕೆಯೂ ಬೇಕು. ಪತ್ರಿಕೆಯಲ್ಲಿ ಒಂದು ಹಳೆಯ ಸ್ವರಲಿಪಿ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದರು. ಕಾಗದ ಹಳದಿಯಾಗಿ ಕಲೆ ಬಿದ್ದಿತ್ತು. ಫೋಟೋಶಾಪಿನಲ್ಲಿ ಧೂಳು ಮತ್ತು ಗೀರು ತೆಗೆಯುವ ಫಿಲ್ಟರ್ ಒಂದಿದೆ. ಹುಡುಗ ಅದನ್ನು ಓಡಿಸಿದ. ಪುಟ ತೊಳೆದಂತೆ ಶುಭ್ರವಾಯಿತು. ಧೂಳಿನ ಜೊತೆಗೆ ಮಂದ್ರದ ಚುಕ್ಕೆಗಳೂ ಹೋದವು. ಆ ಫಿಲ್ಟರಿಗೆ ಸಣ್ಣದೆಲ್ಲ ಧೂಳೇ. ಕೆಳಗೆ ಇಳಿದು ನಿಲ್ಲಬೇಕಾದ ‘ನಿ’ ಮಧ್ಯ ಸಪ್ತಕಕ್ಕೆ ಹಾರಿ ಕೂತಿತು. ನನ್ನ ಉರ್ದು ಪದಗಳಿಗೂ ಇದೇ ಗತಿ: ‘ಗಜ಼ಲ್’ ಎಂಬಲ್ಲಿ ‘ಜ’ದ ಪಕ್ಕದ ಎರಡು ಚುಕ್ಕೆಗಳನ್ನು ಶಾಯಿಯ ಕಲೆಯೆಂದು ತಿಳಿದು ಒರೆಸಿಬಿಟ್ಟಿದ್ದ. ನಕ್ಕು ಸುಮ್ಮನಾದೆ.

ಅಳಿಯದೆ ಉಳಿದ ಚುಕ್ಕೆಗಳಿಗೆ ಇನ್ನೊಂದು ಅಪಾಯ ಅಚ್ಚಿನಮನೆಯಲ್ಲಿ ಕಾದಿತ್ತು. ಕಂಪ್ಯೂಟರಿನ ಪರದೆಯ ಬಣ್ಣದಲ್ಲಿ ಮಾಡಿದ ಕಪ್ಪು ಅಕ್ಷರ ಆಫ್‌ಸೆಟ್‌ಗೆ ಹೋಗುವಾಗ ನಾಲ್ಕು ಬಣ್ಣಗಳಾಗಿ ಒಡೆಯುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಒಂದು ಚುಕ್ಕೆ ಎರಡಾಗಿ ಕಾಣುತ್ತದೆ. ಬರೀ ಕಪ್ಪಿನಲ್ಲಿ ಅಕ್ಷರ ಇಟ್ಟರೆ ಈ ತಾಪತ್ರಯವಿಲ್ಲ. ಮುದ್ರಣ ಕಾಶಿ ಎನಿಸಿಕೊಂಡ ಗದುಗಿನಲ್ಲಿ ಮೊಳೆ ಜೋಡಿಸಿದ ಹಿರಿಯರೂ ತಪ್ಪು ಮಾಡುತ್ತಿದ್ದರು. ಆದರೆ ಅಲ್ಲಿ ಅಕ್ಷರ, ಗೆರೆ ಒಂದೇ ಚೌಕಟ್ಟಿನಲ್ಲಿ ಬಿಗಿಯಾಗಿರುತ್ತಿದ್ದವು. ಒಂದನ್ನು ಬಿಟ್ಟು ಒಂದು ತಾನಾಗಿ ನಡೆಯುತ್ತಿರಲಿಲ್ಲ.

ಉರ್ದು ಶಾಲೆಯಲ್ಲಿ ನಮಗೆ ನುಕ್ತೆಯ ಪಾಠ ಏಟಿನ ಜೊತೆ ಬಂದಿತ್ತು. ಒಂದು ಚುಕ್ಕೆ ಕೆಳಗಿದ್ದರೆ ‘ಬೇ’, ಮೇಲಿದ್ದರೆ ‘ನೂನ್’, ಮೇಲೆ ಎರಡಾದರೆ ‘ತೇ’. ಕಾತಿಬರು ಅಕ್ಷರದ ಅಳತೆಯನ್ನೇ ಕಲಮಿನ ಚುಕ್ಕೆಯಿಂದ ತೆಗೆಯುತ್ತಿದ್ದರು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲರ ನೂರಿ ನಸ್ತಲೀಖ್ ಬಂದಾಗ ಸಾವಿರಾರು ಅಕ್ಷರಜೋಡಣೆಗಳನ್ನು ಕೈಯಲ್ಲಿ ಬರೆದು ಯಂತ್ರಕ್ಕೆ ಕೊಟ್ಟರು. ಕಾತಿಬನ ಕಣ್ಣು ಯಂತ್ರದೊಳಗೆ ಹೋಯಿತು. ಕನ್ನಡದ ಹಿಂದೂಸ್ತಾನಿ ಸ್ವರಲಿಪಿಗೆ ಅಂಥ ಶ್ರಮ ಸಂದಂತೆ ನಮ್ಮ ಪುಟಗಳಲ್ಲಿ ಕಾಣುವುದಿಲ್ಲ. ಗೆರೆಯೂ ಚುಕ್ಕೆಯೂ ಅಕ್ಷರಕ್ಕೆ ಅಂಟಿಕೊಂಡೇ ಇರುವ ಒಂದು ಫಾಂಟ್ ಇದ್ದರೆ ಈ ಪೇಚಾಟದ ಅರ್ಧ ಮುಗಿಯುತ್ತದೆ. ಕರ್ನಾಟಕ ಸಂಗೀತದವರು ಸ್ವರದ ಪಕ್ಕದಲ್ಲೇ 1, 2, 3 ಎಂದು ಅಂಕಿ ಹಾಕಿ ಜಾಣರಾದರು. ಅಂಕಿ ಅಕ್ಷರದ ಜೊತೆಗೇ ನಡೆಯುತ್ತದೆ.

ಇನ್ನು ಚಿತ್ರಗಳ ಮಾತು. ಈ ಪತ್ರಿಕೆಯಲ್ಲಷ್ಟೇ ಅಲ್ಲ, ಸಂಗೀತದ ವಿಶೇಷ ಸಂಚಿಕೆಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಒಂದೇ ಪಟ. ಗಾಯಕರೊಬ್ಬರನ್ನು ಕತ್ತರಿಸಿ ತೆಗೆದು, ಹಿಂದೆ ಸೂರ್ಯಾಸ್ತವನ್ನೋ ವೀಣೆಯ ನೆರಳನ್ನೋ ಇಟ್ಟು, ತಲೆಯ ಸುತ್ತ ಪ್ರಭೆ ಬಿಡುವುದು. ಪಕ್ಕದ ತಬಲಾದವರು, ಹಾರ್ಮೋನಿಯಂನವರು, ಬೆನ್ನಿಗೆ ತಂಬೂರಿ ಹಿಡಿದು ಕೂತವರು ಮಾಯ. ಗಂಗೂಬಾಯಿ ಹಾನಗಲ್ಲರ ಹಿಂದೆ ಕೂತು ಹಾಡುತ್ತಿದ್ದ ಮಗಳು ಕೃಷ್ಣಾ, ಕಛೇರಿಯ ಅಲಂಕಾರವಾಗಿರಲಿಲ್ಲ. ತಾಯಿ ಬಿಟ್ಟ ಸ್ವರವನ್ನು ಎತ್ತಿಕೊಳ್ಳುವ ದನಿ ಅದು. ಅವರನ್ನು ಕತ್ತರಿಸಿದ ಚಿತ್ರ ಆ ಸಂಗೀತದ ಚಿತ್ರವೇ ಅಲ್ಲ. ನಮ್ಮ ಪಕ್ಕದ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ, ಹಾನಗಲ್ಲರು ಇಬ್ಬರೂ ಸವಾಯಿ ಗಂಧರ್ವರ ಶಿಷ್ಯರು. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಹೀಗೆ ಒಬ್ಬರ ಮಗ್ಗುಲಲ್ಲಿ ಒಬ್ಬರು ಕೂತು ಬೆಳೆದ ವಿದ್ಯೆಗೆ ಒಂಟಿ ಮುಖದ ಪುಟ ಒಗ್ಗುವುದಿಲ್ಲ.

ಇಲ್ಲಿ ನನ್ನ ಸ್ವಂತದ ನೋವೂ ಬೆರೆತಿದೆ, ಮುಚ್ಚಿಡುವುದಿಲ್ಲ. ನನ್ನ ಚಾಚಾ ಊರ ಭಜನಾ ಮೇಳಕ್ಕೆ, ನಾಟಕಗಳಿಗೆ ತಬಲಾ ನುಡಿಸುತ್ತಿದ್ದರು. ಹೆಸರಾದವರಲ್ಲ. ಮೇಳದ ಗಾಯಕರ ಜೊತೆ ತೆಗೆಸಿಕೊಂಡ ಒಂದೇ ಫೋಟೋ ಇತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೆ ನುಗ್ಗಿದಾಗ ಮನೆಯ ಟ್ರಂಕಿನೊಡನೆ ಅದೂ ಹೋಯಿತು. ಅದಕ್ಕೂ ಮೊದಲೇ ಅದನ್ನು ಸ್ಕ್ಯಾನ್ ಮಾಡಿಸಿ ಗಾಯಕರ ನೆನಪಿನ ಪುಟವೊಂದಕ್ಕೆ ಬಳಸಿದ್ದರೆಂದು ಗೊತ್ತಿತ್ತು. ಅಂಗಡಿಗೆ ಹೋಗಿ ಹುಡುಕಿಸಿದೆ. ಸಿಕ್ಕಿದ್ದು ಕತ್ತರಿಸಿ, ಲೇಯರುಗಳನ್ನೆಲ್ಲ ಒಂದಾಗಿಸಿ ಉಳಿಸಿದ ಫೈಲು.

‘ಪಕ್ಕದಾಗ ಇನ್ನೊಬ್ರು ಇದ್ರಲ್ಲಪಾ?’

‘ಜಾಗಾ ಸಾಲಲಿಲ್ರಿ ಸರ. ಅವರನ್ನ ತಗದ್ವಿ.’

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಗಾಯಕರ ಮೊಣಕಾಲಿನ ಅಂಚಿನಲ್ಲಿ, ಕತ್ತರಿಸುವ ಗೆರೆ ಸರಿಯಾಗಿ ತಿರುಗದೆ, ಡಗ್ಗಾದ ಒಂದು ಓರೆ ಮತ್ತು ಅದರ ಮೇಲೆ ಮೂರು ಬೆರಳು ಉಳಿದಿದ್ದವು. ಅಷ್ಟನ್ನೇ ಪ್ರಿಂಟ್ ತೆಗೆಸಿಕೊಂಡು ಬಂದೆ.

ಹುಡುಗನ ಪರವಾಗಿಯೂ ಹೇಳಬೇಕು. ಇದೇ ಫೋಟೋಶಾಪಿನಲ್ಲಿ ಅವನು ನಮ್ಮ ಊರಿನ ಎಷ್ಟೋ ಮನೆಗಳ, ಹೊಳೆಯಲ್ಲಿ ನೆನೆದು ಅಂಟಿಕೊಂಡ ಫೋಟೋಗಳನ್ನು ಕೂತು ಸರಿಮಾಡಿ ಕೊಟ್ಟಿದ್ದಾನೆ. ಹರಿದ ಕಣ್ಣು, ಕರಗಿದ ಗಲ್ಲವನ್ನು ತಾಸುಗಟ್ಟಲೆ ತಿದ್ದಿದ್ದಾನೆ. ಅಲ್ಲಿ ಅವನು ಕಲಾವಿದನೇ. ಪತ್ರಿಕೆಗೆ ಅವನಿಗೆ ಸಿಗುವುದು ಪುಟಕ್ಕಿಷ್ಟು ಎಂಬ ಲೆಕ್ಕ. ಸ್ವರಲಿಪಿಯ ಪುಟಕ್ಕೂ ಜಾಹೀರಾತಿನ ಪುಟಕ್ಕೂ ಒಂದೇ ದರ. ಗೆರೆ ಎಂದರೇನು, ಚುಕ್ಕೆ ಎಂದರೇನು ಎಂದು ಸಂಪಾದಕರಾಗಲಿ ಲೇಖಕರಾಗಲಿ ಅವನ ಪಕ್ಕ ಅರ್ಧ ಗಂಟೆ ಕೂತು ಹೇಳಿದವರಲ್ಲ. ನಾನೂ ಹೇಳಿರಲಿಲ್ಲ.

ಫೋನಿನಲ್ಲಿ ರಾಗ ಹಿಡಿದ ಶಿಕ್ಷಕರಿಗೆ ಪತ್ರಿಕೆಯ ಪಿಡಿಎಫ್ ಕಳಿಸಿದ್ದೆ. ಅವರ ಮೊಬೈಲಿನಲ್ಲಿ ಓದಿಹೇಳುವ ತಂತ್ರಾಂಶವಿದೆ, ಕನ್ನಡವನ್ನೂ ಓದುತ್ತದೆ. ‘ನಲವತ್ತೆಂಟು ಪುಟ ಅಂತೀರಿ, ಒಂದಕ್ಷರಾನೂ ಓದವಲ್ದು’ ಎಂದರು. ಓದುವುದಾದರೂ ಹೇಗೆ? ಪುಟವೆಲ್ಲ ಚಿತ್ರ. ಯಂತ್ರದ ಪಾಲಿಗೆ ಅಲ್ಲಿ ಅಕ್ಷರವೇ ಇಲ್ಲ. ಹಳೆಯ ಫಾಂಟಿನಲ್ಲೇ ಅಕ್ಷರವಾಗಿ ಇಟ್ಟಿದ್ದರೂ ಅದು ಗೊಗ್ಗರು ಇಂಗ್ಲಿಷ್ ಒದರುತ್ತಿತ್ತು. ಇದು ಬೇರೆ ಕಡೆ ಸಣ್ಣ ಕೊರತೆ ಎನಿಸಬಹುದು. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. 1944ರಲ್ಲಿ ತೀರಿಕೊಂಡ ಪಂಚಾಕ್ಷರಿ ಗವಾಯಿಗಳು, 2010ರವರೆಗೆ ನಮ್ಮೊಡನಿದ್ದ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅವರ ಗದುಗಿನ ವೀರೇಶ್ವರ ಪುಣ್ಯಾಶ್ರಮ ತಲೆಮಾರುಗಳಿಂದ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟಿದೆ. ಗದಗ ಜಿಲ್ಲೆಯ ಸಂಗೀತ ಪತ್ರಿಕೆಗೆ ಮೊದಲ ಓದುಗರು ಇವರಲ್ಲವೇ? ಅವರಿಗಾಗಿ ಅಚ್ಚಾದ ಪುಟ ಅವರಿಗೇ ಖಾಲಿ.

ಮುಂದಿನ ಸಂಚಿಕೆಗೆ ಹುಡುಗನ ಜೊತೆ ಎರಡು ಸಂಜೆ ಕೂತೆ. ಮುಖಪುಟ, ಚಿತ್ರಗಳು ಫೋಟೋಶಾಪಿನಲ್ಲೇ ಆದವು. ಒಳಪುಟಗಳಿಗೆ ಪುಟವಿನ್ಯಾಸದ ತಂತ್ರಾಂಶ, ಯೂನಿಕೋಡ್ ಅಕ್ಷರ, ಬರೀ ಕಪ್ಪು. ಕೋಮಲದ ಗೆರೆಯನ್ನು ಎಳೆಯದೆ ಅಕ್ಷರದ ಗುಣವಾಗಿಯೇ ಕೊಟ್ಟದ್ದರಿಂದ ಅದು ಸ್ವರದ ಬೆನ್ನುಬಿಡಲಿಲ್ಲ. ಚುಕ್ಕೆಗಳು ಮಾತ್ರ ಇನ್ನೂ ಕೈಕೊಡುತ್ತವೆ, ಒಂದೊಂದನ್ನೇ ನೋಡಬೇಕು. ಜೊತೆಗೆ ಸ್ವರಲಿಪಿಯನ್ನು ಮಾತಿನಲ್ಲೇ ಬಿಡಿಸಿ ಬರೆದ ಒಂದು ಸಾದಾ ಫೈಲು ಮಾಡಿ ಶಿಕ್ಷಕರಿಗೆ ಕಳಿಸಿದೆವು: ಸಾ, ರೆ ಕೋಮಲ, ಗ, ಮ... ಮಂದ್ರ ನಿ.

ರಾತ್ರಿ ಫೋನು ಬಂತು. ಆಚೆ ಯಂತ್ರದ ಹೆಣ್ಣುದನಿ ಸ್ವರಗಳನ್ನು ಒಂದೇ ಸಮನೆ ಉದುರಿಸುತ್ತಿತ್ತು.

‘ಕೇಳಿದ್ರಿ? ತಾಳ ಇಲ್ಲ, ಗೀಳ ಇಲ್ಲ,’ ಎಂದು ನಕ್ಕರು. ‘ಆದ್ರ ಸ್ವರ ಸರಿ ಅದಾವ್ರಿ.’