ಟೋಪಿಯ ಮೇಲಣ ಸಿಂಹ

ಯಾದಗಿರಿಯಲ್ಲಿ ಪಂಪಭಾರತದ ಪಾಠ ಹೇಳುವಾಗ ಧ್ವಜಗಳ ಮಾತು ಬಾರದೆ ಇರುವುದಿಲ್ಲ. ಅರ್ಜುನ ಕಪಿಧ್ವಜ, ದುರ್ಯೋಧನನ ಬಾವುಟದಲ್ಲಿ ಹಾವು. ನಮ್ಮ ಕವಿಗಳು ವೀರನನ್ನು ಅವನ ಧ್ವಜದಿಂದಲೇ ಕರೆದರು. ಚಾಳುಕ್ಯರ ವರಾಹ, ರಾಷ್ಟ್ರಕೂಟರ ಗರುಡಗಳೂ ಬರಿಯ ಅಲಂಕಾರವಲ್ಲ. ಈಚೆಗೆ ಸುರಪುರದ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಈಗಿನ ಸೈನ್ಯದ ಲಾಂಛನಗಳನ್ನೂ ಕಾವ್ಯದಂತೆ ಓದಬಹುದೆ?” ಓದಬಹುದೆಂದೆ, ಉದಾಹರಣೆಗೆ ಕುಮಾವೂಂ ರೆಜಿಮೆಂಟಿನ ಲಾಂಛನವನ್ನು ಎತ್ತಿಕೊಂಡೆ. ಹೆಸರು ಹಿಮಾಲಯದ್ದು, ಬೇರು ಮಾತ್ರ ನಾವು ಹಿಂದೆ ಸೇರಿದ್ದ ಹೈದರಾಬಾದ್ ಸಂಸ್ಥಾನದ್ದು.

ಆ ಲಾಂಛನದಲ್ಲಿ ಅರ್ಧ ದೇಹದ ಸಿಂಹವೊಂದು ಮೇಲೆದ್ದು ಪಂಜದಲ್ಲಿ ಶಿಲುಬೆ ಹಿಡಿದಿದೆ. ಕುಮಾವೂಂ ಬೆಟ್ಟಗಳು ಸಿಂಹದ ನಾಡಲ್ಲ. ಆ ಸಿಪಾಯಿಗಳ ಯುದ್ಧಘೋಷಗಳಲ್ಲೊಂದು ಕಾಳಿಕಾ ಮಾತೆಯ ಜಯಕಾರ. ಹಾಗಾದರೆ ಇವೆರಡೂ ಎಲ್ಲಿಂದ ಬಂದವು? ಹೈದರಾಬಾದಿನಲ್ಲಿ 1811ರಿಂದ 1820ರವರೆಗೆ ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್ಲನ ಮನೆತನದ ಗುರುತು ಅದು. ಅವನು ಕಟ್ಟಿದ ಪಡೆಗೆ ರಸೆಲ್ ಬ್ರಿಗೇಡ್ ಎಂದೇ ಹೆಸರಾಯಿತು. ಸಂಬಳ ನಿಜಾಮನದು, ಅಧಿಕಾರ ಇಂಗ್ಲಿಷರದು. ಈ ಸೈನ್ಯದ ಖರ್ಚಿಗೆಂದೇ 1853ರಲ್ಲಿ ಬೀರಾರ ಪ್ರಾಂತವು ನಿಜಾಮನ ಕೈಬಿಟ್ಟು ಕಂಪನಿಯ ಆಡಳಿತಕ್ಕೆ ಹೋಯಿತು. ಮುಂದೆ ಹೈದರಾಬಾದ್ ಕಂಟಿಂಜೆಂಟ್ ಎನಿಸಿ, 1922ರಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟಾಗಿ, 1945ರಲ್ಲಿ ಅದರ ಕಾಲಾಳು ಪಡೆ ಕುಮಾವೂಂ ಎಂಬ ಹೆಸರು ಪಡೆಯಿತು. ಹೆಸರು ಬದಲಾಯಿತು, ಸಿಂಹ ಉಳಿಯಿತು.

ಇಷ್ಟಕ್ಕೇ ನಿಂತರೆ ಅದು ವಾಚ್ಯಾರ್ಥ. ಸಗರನಾಡಿನವರು ಇನ್ನೂ ಒಂದು ಅರ್ಥವನ್ನು ಓದಬೇಕಾಗಿದೆ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನ ಮೇಲೆ ಸುರಪುರಕ್ಕೆ ಬಂದ ಸೈನ್ಯಗಳಲ್ಲಿ ಈ ಕಂಟಿಂಜೆಂಟೂ ಇತ್ತು. ಆ ತರುಣ ರಾಜನು “ಅಪ್ಪಾ” ಎಂದು ಕರೆಯುತ್ತಿದ್ದ ಮೆಡೋಸ್ ಟೇಲರನೂ ನಿಜಾಮನ ಇದೇ ಸೈನ್ಯದ ಅಧಿಕಾರಿಯಾಗಿದ್ದವನು. ನಾಯಕ ಸೆರೆಸಿಕ್ಕ, ಚೆಂಗಲ್ಪಟ್ಟಿನ ಸೆರೆಮನೆಗೆ ಒಯ್ಯುತ್ತಿದ್ದಾಗ ಗುಂಡು ತಗುಲಿ ಅದೇ ವರ್ಷ ಮೃತನಾದ. 1860ರಲ್ಲಿ ಸುರಪುರವು ನಿಜಾಮನ ಪಾಲಾಯಿತು.

ವಿದ್ಯಾರ್ಥಿಯ ಮುಖ ಕೆಂಪಾಯಿತು. “ಹಾಗಿದ್ದರೆ ಅದನ್ನು ಕಿತ್ತು ಹಾಕಬೇಕಲ್ಲವೆ ಸರ್?” ಎಂದ.

ಅವನ ಸಿಟ್ಟು ಸಹಜವಾದುದು. ಆದರೆ ವಿಮರ್ಶೆ ಅವಸರ ಪಡಬಾರದು. 1947ರ ನವೆಂಬರ್ 3ರಂದು ಬಡಗಾಮಿನಲ್ಲಿ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡೇ ಹೋರಾಡಿ ಮಡಿದ ಮೇಜರ್ ಸೋಮನಾಥ ಶರ್ಮಾ 4ನೆಯ ಕುಮಾವೂಂ ಪಡೆಯವರು. ದೇಶದ ಮೊದಲ ಪರಮವೀರ ಚಕ್ರ ಅವರದು. 1962ರ ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಜೊತೆಗಾರರು ಪ್ರಾಣ ತೆತ್ತುದು 13ನೆಯ ಕುಮಾವೂಂ ಪಡೆಯಲ್ಲಿ. ಆಗ ಆ ಸಿಂಹ ರಸೆಲ್ಲನ ಮನೆಯದಾಗಿ ಉಳಿದಿತ್ತೆ? ಇಲ್ಲವೆಂದು ನನ್ನ ಭಾವನೆ. ಲಾಂಛನದ ಧ್ವನಿಯನ್ನು ನಿರ್ಣಯಿಸುವವನು ಅದನ್ನು ಕೆತ್ತಿಸಿದವನಲ್ಲ, ಅದನ್ನು ಧರಿಸಿ ಮಡಿದವನು.

ಹಾಗೆಂದು ಹೊಸ ಅರ್ಥವು ಹಳೆಯದನ್ನು ಅಳಿಸಿಬಿಡುವುದಿಲ್ಲ. ಒಳ್ಳೆಯ ಪದದಲ್ಲಿ ಎರಡೂ ಅರ್ಥಗಳು ಜೊತೆಯಾಗಿ ಬಾಳುತ್ತವೆ, ಲಾಂಛನದಲ್ಲಿಯೂ ಹಾಗೆಯೇ. ನನ್ನ ಕೊರಗು ಸಿಂಹದ ಮೇಲಲ್ಲ. ಗೆದ್ದ ಪಡೆಗೆ ಲಾಂಛನ ಉಂಟು, ಅದನ್ನು ತಲೆಯ ಮೇಲೆ ಹೊತ್ತು ನಡೆಯುವ ಪೀಳಿಗೆಗಳುಂಟು. ಸುರಪುರದ ಬೆಟ್ಟದಲ್ಲಿ ಬಿದ್ದ ಬೇಡ ಪಡೆಯವರನ್ನು ನೆನೆಯಲು ಅಂಥ ಟೋಪಿಯಿಲ್ಲ. ಅವರ ನೆನಪಿಗೆ ಉಳಿದಿರುವುದು ನಮ್ಮ ಮಾತು ಮತ್ತು ಬರವಣಿಗೆ ಮಾತ್ರ.

ಆ ವಿದ್ಯಾರ್ಥಿಗೆ ಅಷ್ಟನ್ನೇ ಹೇಳಿದೆ: “ಕಿತ್ತುಹಾಕುವುದು ಸುಲಭ, ತಮ್ಮಾ. ಮೊದಲು ನಿಮ್ಮ ಊರಿನ ಕಥೆಯನ್ನು ನೀನು ಬರೆ.”