ರೇಖೆಯ ಕ್ರಮ: ಕೌದಿ, ಮಂಡಲ ಮತ್ತು ಸ್ಕೆಚ್‌ಬುಕ್

ಚಿತ್ರಕಲಾ ಶಿಕ್ಷಣದ ಉನ್ನತ ಹಂತದಲ್ಲಿ ರೇಖಾಚಿತ್ರವನ್ನು ಕಲಿಸುವ ಬಗೆ ಇಂದು ಪೆನ್ಸಿಲು ಮತ್ತು ಬಿಳಿ ಹಾಳೆಗೆ ಸೀಮಿತವಾಗಿಲ್ಲ. ದಾರ, ಮರಳು, ಮಣ್ಣು, ಇದ್ದಿಲು, ಹಳೆಯ ಬಟ್ಟೆಗಳು ಪ್ರಾಯೋಗಿಕ ಸಾಮಗ್ರಿಗಳಾಗಿ ತರಗತಿಯನ್ನು ಪ್ರವೇಶಿಸಿವೆ. ಸ್ಕೆಚ್‌ಬುಕ್‌ನ ನಿತ್ಯಾಭ್ಯಾಸವೂ ಕಲಿಕೆಯ ಅಂಗವಾಗಿದೆ. ಇವೆರಡನ್ನೂ ಪಾಶ್ಚಾತ್ಯ ಆಧುನಿಕತೆಯ ಕೊಡುಗೆಯೆಂದಷ್ಟೇ ಭಾವಿಸುವ ರೂಢಿಯಿದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯು ಈ ಭಾವನೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ. ಬಟ್ಟೆಯ ಚೂರುಗಳಿಂದ ಹಾಗೂ ಮರಳಿನ ಕಣಗಳಿಂದ ರೇಖೆಯನ್ನು ಕಟ್ಟುವ, ಕಲಿಸುವ ಎರಡು ಪರಂಪರೆಗಳು ಇಲ್ಲಿ ನೆರೆಹೊರೆಯಲ್ಲಿವೆ.

ಮೊದಲನೆಯದು ಹಳಿಯಾಳ, ಮುಂಡಗೋಡ, ಯಲ್ಲಾಪುರ ತಾಲೂಕುಗಳ ಸಿದ್ದಿ ಮಹಿಳೆಯರ ಕೌದಿ. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಒಂದು ಮೂಲೆಯಿಂದ ಜೋಡಿಸುತ್ತ, ಅಂಚಿನುದ್ದಕ್ಕೂ ಸಾಗಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮುಂಚಿತವಾಗಿ ಬರೆದ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡಿನ ಅಳತೆ ಮತ್ತು ಬಣ್ಣವೇ ಮುಂದಿನ ತುಂಡನ್ನು ನಿರ್ಧರಿಸುತ್ತದೆ. ಸಾಲು ಹೊಲಿಗೆಯು ಪದರಗಳನ್ನು ಹಿಡಿದಿಡುವುದರ ಜೊತೆಗೆ ಇಡೀ ಮೈಮೇಲೆ ರೇಖೆಗಳ ಒಂದು ಲಯವನ್ನು ಮೂಡಿಸುತ್ತದೆ. ಮೂಲೆಗಳಲ್ಲಿ ಮಡಿಸಿಟ್ಟ ಬಟ್ಟೆಯ ‘ಫೂಲ’ ಇಲ್ಲದಿದ್ದರೆ ಕೌದಿ ಪೂರ್ಣವಾಯಿತೆಂದು ಎಣಿಸುವುದಿಲ್ಲ.

ಎರಡನೆಯದು ಮುಂಡಗೋಡದ ಟಿಬೆಟನ್ ಶಿಬಿರದ್ದು. 1966ರಲ್ಲಿ ಆರಂಭವಾದ ಈ ನೆಲೆಯಲ್ಲಿ ದ್ರೆಪುಂಗ್ ಮತ್ತು ಗಾದೆನ್ ಮಠಗಳು ಪುನಃಸ್ಥಾಪನೆಗೊಂಡವು. ಇಲ್ಲಿನ ಭಿಕ್ಷುಗಳ ಮರಳು ಮಂಡಲದ ಕ್ರಮ ಕೌದಿಗೆ ನೇರ ವಿರುದ್ಧವಾದುದು. ಮೊದಲು ದಾರ ಮತ್ತು ಅಳತೆಯ ಸಹಾಯದಿಂದ ಸಂಪೂರ್ಣ ಜ್ಯಾಮಿತಿ ರೇಖಿತವಾಗುತ್ತದೆ. ಅನಂತರ ನಡುವಿನಿಂದ ಹೊರಕ್ಕೆ ಬಣ್ಣದ ಮರಳು ತುಂಬುತ್ತದೆ. ‘ಚಕ್‌ಪುರ್’ ಎಂಬ ಲೋಹದ ಕೊಳವೆಯ ಗೀರುಗಳ ಮೇಲೆ ಮತ್ತೊಂದು ಕಡ್ಡಿಯನ್ನು ಉಜ್ಜಿದಾಗ ಉಂಟಾಗುವ ಕಂಪನವೇ ಮರಳಿನ ಹರಿವನ್ನು ನಿಯಂತ್ರಿಸುತ್ತದೆ. ಪೂರ್ಣಗೊಂಡ ಮಂಡಲವನ್ನು ಗುಡಿಸಿ ಹರಿಯುವ ನೀರಿಗೆ ಬಿಡಲಾಗುತ್ತದೆ. ಉಳಿಯುವುದು ಚಿತ್ರವಲ್ಲ, ಅದನ್ನು ಕಟ್ಟುವ ಕ್ರಮದ ನೆನಪು.

ಅಂಚಿನಿಂದ ನಡುವಿಗೆ ಸಾಗುವುದು ಒಂದು, ನಡುವಿನಿಂದ ಅಂಚಿಗೆ ಸಾಗುವುದು ಇನ್ನೊಂದು. ಆದರೆ ಸಿದ್ಧಗೊಂಡ ಕೌದಿಯನ್ನಾಗಲಿ ಮಂಡಲವನ್ನಾಗಲಿ ನೋಡಿ ನಕಲು ಮಾಡುವ ವಿದ್ಯಾರ್ಥಿಗೆ ಈ ಭೇದ ಗೋಚರಿಸುವುದಿಲ್ಲ. ಜನಪದ ಕಲೆಯನ್ನು ಆಧರಿಸಿದ ಸ್ಕೆಚ್‌ಬುಕ್ ಅಭ್ಯಾಸದ ಮುಖ್ಯ ದೋಷ ಇಲ್ಲಿಯೇ ಇದೆ. ಅದು ವಿನ್ಯಾಸವನ್ನು ಸಂಗ್ರಹಿಸಿ ವಿಧಾನವನ್ನು ಕೈಬಿಡುತ್ತದೆ. ಈ ದೋಷಕ್ಕೆ ಕಲಾಶಿಕ್ಷಕರಷ್ಟೇ ಹೊಣೆಗಾರರಲ್ಲ. ರಂಗೋಲಿ, ಹಸೆ, ಕಸೂತಿಗಳನ್ನು ಮಾದರಿಗಳ ಪಟ್ಟಿಯಾಗಿ ಪ್ರಕಟಿಸುತ್ತ ಬಂದ ಜಾನಪದ ಸಂಗ್ರಹಗಳೂ ಇದನ್ನು ಪೋಷಿಸಿವೆ.

ಸಾಮಗ್ರಿಯ ವಿಷಯದಲ್ಲಿಯೂ ಇಂತಹ ಮರೆವು ಇದೆ. ಇದ್ದಿಲು, ಮರಳುಗಳನ್ನು ಪ್ರಯೋಗವೆಂದು ಕರೆಯುವವರು ಹಾಳೆಯನ್ನು ಸಾಮಗ್ರಿಯೆಂದು ಎಣಿಸುವುದೇ ಇಲ್ಲ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯು ಈ ಸೀಮೆಯ ಬಿದಿರನ್ನು ನೆಚ್ಚಿ ಆರಂಭವಾಯಿತು. ಅದೇ ಬಿದಿರು ಜೋಯಿಡಾದ ಕಾಡಂಚಿನ ಹಳ್ಳಿಗಳಲ್ಲಿ ಬುಟ್ಟಿ, ತಟ್ಟಿಗಳಿಗೂ ಬೇಕಾದ ವಸ್ತು. ಹೀಗೆ ಖಾಲಿ ಹಾಳೆಗೂ ಒಂದು ಕಾಡಿನ ಚರಿತ್ರೆಯಿದೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲ್ ಬೋಸ್ ಕೈಕಾಗದ ಮತ್ತು ಮಣ್ಣಿನ ಬಣ್ಣಗಳಿಂದ ಚಿತ್ರಫಲಕಗಳನ್ನು ರಚಿಸಿದಾಗ ಸಾಮಗ್ರಿಯ ಆಯ್ಕೆಯೇ ಒಂದು ನಿಲುವಾಗಿತ್ತು. ಅಂತಹ ನಿಲುವಿಲ್ಲದ ಪ್ರಯೋಗವು ಕೇವಲ ಹೊಸತನದ ಹಂಬಲವಾಗಿ ಉಳಿಯುತ್ತದೆ.

ಆದ್ದರಿಂದ ಸ್ಕೆಚ್‌ಬುಕ್ಕನ್ನು ಕೈಬಿಡಬೇಕಾಗಿಲ್ಲ. ಅದರ ಕಾರ್ಯವನ್ನು ಬದಲಿಸಬೇಕಾಗಿದೆ. ಹೊಲಿಗೆ ಎಲ್ಲಿ ಆರಂಭವಾಯಿತು, ಎಲ್ಲಿ ತಿರುಗಿತು, ಯಾವ ತುಂಡು ಯಾವುದರ ಅನಂತರ ಬಂದಿತು ಎಂಬುದನ್ನು ಪುಟದಿಂದ ಪುಟಕ್ಕೆ ಅನುಕ್ರಮವಾಗಿ ದಾಖಲಿಸಿದರೆ ವಿದ್ಯಾರ್ಥಿಯು ಆಕೃತಿಯ ಬದಲು ಆಲೋಚನೆಯನ್ನು ಕಲಿಯುತ್ತಾನೆ. ಅಂತಹ ದಾಖಲೆಗೆ ಹೊಲಿಯುವವಳ ಪಕ್ಕದಲ್ಲಿ ಕುಳಿತು ನೋಡುವುದು, ಕೇಳುವುದು, ತಪ್ಪನ್ನು ತಿದ್ದಿಸಿಕೊಳ್ಳುವುದು ಅನಿವಾರ್ಯ. ಆಗ ಸಿದ್ದಿ ಮಹಿಳೆಯು ಅಧ್ಯಯನದ ವಸ್ತುವಾಗಿ ಉಳಿಯದೆ ಗುರುವಾಗುತ್ತಾಳೆ. ಆ ಗುರುವಿನ ಹೆಸರಿಗೂ ಸಂಭಾವನೆಗೂ ಪಠ್ಯಕ್ರಮದಲ್ಲಿ ಸ್ಥಾನ ದೊರೆಯದಿದ್ದಲ್ಲಿ, ದೇಸಿ ಸಾಮಗ್ರಿಯ ಕುರಿತ ಎಲ್ಲ ಉತ್ಸಾಹವೂ ಮತ್ತೊಂದು ಬಗೆಯ ನಕಲಾಗುತ್ತದೆ.