ಉಚ್ಚಾರಣೆಯ ಪರೀಕ್ಷೆಯಲ್ಲಿ ಯಂತ್ರದ ಬರಹ

ಪರಭಾಷೆಯನ್ನು ಕಲಿಯುವವರ ಉಚ್ಚಾರಣೆಗೆ ಅಂಕ ಕೊಡುವುದು ಅಧ್ಯಾಪಕರ ಕೆಲಸಗಳಲ್ಲಿ ಬಹು ತೊಡಕಿನದು. ಕಿವಿ ದಣಿಯುತ್ತದೆ, ಮೊದಲನೆಯ ವಿದ್ಯಾರ್ಥಿಯಲ್ಲಿ ಹಿಡಿದ ತಪ್ಪನ್ನು ನಲವತ್ತನೆಯವನಲ್ಲಿ ಬಿಟ್ಟುಬಿಡುವುದುಂಟು. ಆದಕಾರಣ ಈ ಹೊರೆಯನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಸಹಜವಾದುದೇ. ವಿದ್ಯಾರ್ಥಿಯಿಂದ ಗೊತ್ತಾದ ವಾಕ್ಯವೊಂದನ್ನು ಓದಿಸಿ, ಮಾತನ್ನು ತಾನೇ ಬರಹಕ್ಕಿಳಿಸುವ ಯಂತ್ರಕ್ಕೆ ಅದನ್ನು ಕೇಳಿಸಿ, ಯಂತ್ರ ಬರೆದುದನ್ನು ಮೂಲದೊಡನೆ ಹೋಲಿಸಿ, ತಪ್ಪಿದ ಪದಗಳ ಪ್ರಮಾಣದಿಂದ ಅಂಕವನ್ನು ಗೊತ್ತುಮಾಡುವ ಕ್ರಮ ಈಗ ರೂಢಿಗೆ ಬರುತ್ತಿದೆ. ಅದು ಅಳೆಯುವುದು ಉಚ್ಚಾರಣೆಯನ್ನೇ ಎಂಬುದನ್ನು, ಕನ್ನಡ ಕಲಿಯುವವರನ್ನು ಮುಂದಿಟ್ಟುಕೊಂಡು, ಇಲ್ಲಿ ವಿವೇಚಿಸುತ್ತೇವೆ.

ಇಂಥ ಯಂತ್ರಗಳ ಬೆಳವಣಿಗೆ ಬೆರಗಿನದೆಂಬುದು ನಿರ್ವಿವಾದ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಚಿತವಾದ ‘ಆಡ್ರಿ’ ಗುರುತಿಸುತ್ತಿದ್ದುದು ಅಂಕಿಗಳನ್ನು ಮಾತ್ರ. ಅದೂ ತನಗೆ ಪರಿಚಿತವಾದ ಧ್ವನಿಯಲ್ಲಿ. 2022ರಲ್ಲಿ ಓಪನ್‌ಎಐ ಸಂಸ್ಥೆ ಹೊರತಂದ ‘ವಿಸ್ಪರ್’ 6,80,000 ಗಂಟೆಗಳ ಧ್ವನಿಮುದ್ರಣದಿಂದ ಕಲಿತದ್ದು. ಆದರೆ ಈ ಸಾಮರ್ಥ್ಯ ಕೇವಲ ಕಿವಿಯ ಸೂಕ್ಷ್ಮತೆಯಿಂದ ಬಂದುದಲ್ಲ. ಕೇಳಿದ ಧ್ವನಿಯ ಜೊತೆಗೆ, ಆ ಸ್ಥಳದಲ್ಲಿ ಯಾವ ಪದ ಬರುವುದು ಸಂಭವ ಎಂಬ ಊಹೆಯನ್ನೂ ಯಂತ್ರ ಬಳಸುತ್ತದೆ. ಓಲೆಗರಿಯ ತಪ್ಪುಗಳನ್ನು ತಿದ್ದಿಕೊಂಡು ಪ್ರತಿ ಮಾಡುವ ಲಿಪಿಕಾರನಂತೆ ಅದರ ನಡೆ. ಓದುಗನಿಗೆ ಇದು ಉಪಕಾರ. ಮೂಲದಲ್ಲಿ ಏನಿತ್ತೆಂದು ಅರಸುವ ಗ್ರಂಥಸಂಪಾದಕನಿಗೆ ಇದೇ ಅಪಕಾರ. ಉಚ್ಚಾರಣೆಯ ಪರೀಕ್ಷಕನ ಸ್ಥಿತಿಯೂ ಆ ಸಂಪಾದಕನದೇ.

ಒಂದು ವಾಕ್ಯವನ್ನು ತೆಗೆದುಕೊಳ್ಳೋಣ: ‘ಇಂದಿನ ಸಾರಿನಲ್ಲಿ ಹುಳಿ ಹೆಚ್ಚಾಗಿದೆ.’ ಶಿಷ್ಟ ಹಿಂದಿಯಲ್ಲಿ ಳಕಾರವಿಲ್ಲ. ಆ ಭಾಷೆಯನ್ನಾಡುವ ಒಬ್ಬ ವಿದ್ಯಾರ್ಥಿ ‘ಹುಳಿ’ಯನ್ನು ‘ಹುಲಿ’ ಎಂದನೆನ್ನೋಣ. ಸಾರಿನಲ್ಲಿ ಹುಲಿಯಿರುವುದು ಅಸಂಭವವೆಂದು ಬಗೆದು ಯಂತ್ರ ‘ಹುಳಿ’ ಎಂದೇ ಬರೆದರೆ, ಅವನ ತಪ್ಪಿನ ಲೆಕ್ಕ ಸೊನ್ನೆಯಾಗುತ್ತದೆ. ಇನ್ನೊಬ್ಬಳು ನಾಲ್ಕು ಪದಗಳನ್ನೂ ಶುದ್ಧವಾಗಿ ಉಚ್ಚರಿಸಿದರೂ, ಯಂತ್ರ ಕೊನೆಯ ಪದವನ್ನು ‘ಹೆಚ್ಚಾಗಿ ಇದೆ’ ಎಂದು ಒಡೆದು ಬರೆಯಿತೆನ್ನೋಣ. ಒಂದು ಪದ ಬದಲಾಯಿತು, ಒಂದು ಹೆಚ್ಚಾಯಿತು. ನಾಲ್ಕು ಪದಗಳಿಗೆ ಎರಡು ತಪ್ಪು, ಎಂದರೆ ನೂರಕ್ಕೆ ಐವತ್ತು! ಳಕಾರ ಬಾರದವನು ತೇರ್ಗಡೆಯಾಗಿ, ಬಂದವಳು ಹಿಂದುಳಿಯುತ್ತಾಳೆ. ಪದಗಳನ್ನು ಬಿಡಿಬಿಡಿಯಾಗಿ ಬರೆಯುವ ಇಂಗ್ಲಿಷಿಗೆ ಹೊಂದುವ ಲೆಕ್ಕ, ಸಂಧಿಯೂ ಪ್ರತ್ಯಯಗಳೂ ಪದವನ್ನು ಬೆಳೆಸುವ ಕನ್ನಡಕ್ಕೆ ಹಾಗೆಯೇ ಹೊಂದದು.

ಯಂತ್ರಕ್ಕೆ ಪರಿಚಯವಿಲ್ಲದ ನುಡಿಯ ಗತಿ ಇನ್ನೂ ಕಠಿನ. ಅಮೆರಿಕದಲ್ಲಿ ಐದು ದೊಡ್ಡ ಸಂಸ್ಥೆಗಳ ಯಂತ್ರಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19ರಷ್ಟಿದ್ದ ತಪ್ಪು ಕಪ್ಪುಜನರ ಮಾತಿನಲ್ಲಿ 35ರಷ್ಟಿತ್ತು. ಅವರೆಲ್ಲರೂ ಆಡಿದ್ದು ತಮ್ಮ ಹುಟ್ಟುನುಡಿಯನ್ನೇ. ನಮ್ಮಲ್ಲಿಯೂ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ಎಂಬುದನ್ನು ‘ಆಲು’ ಎನ್ನುವವರು ಬಹುಮಂದಿ. ಅವರ ನೆರೆಯಲ್ಲಿದ್ದು ಕನ್ನಡ ಕಲಿತವನ ಮಾತನ್ನು ಯಂತ್ರ ತಪ್ಪಾಗಿ ಬರೆದರೆ, ಕೊರತೆ ಕಲಿತವನದೋ, ಯಂತ್ರದ ಅನುಭವದ್ದೋ? ಅಂಕಪಟ್ಟಿಯಿಂದ ಇದು ತಿಳಿಯದು.

ಹಾಗೆಂದು ಈ ಸಾಧನವನ್ನು ತಳ್ಳಿಹಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮಾತು ಪರಕೀಯವಾಗಿ ಕೇಳಿಸುವುದು ಬೇರೆ, ಅದು ಅರ್ಥವಾಗದಿರುವುದು ಬೇರೆ ಎಂಬ ಭೇದವನ್ನು ಮನ್ರೋ ಮತ್ತು ಡರ್ವಿಂಗ್ 1995ರಲ್ಲಿ ತೋರಿಸಿಕೊಟ್ಟರು. ಯಂತ್ರದ ಬರಹ ಎರಡನೆಯದಕ್ಕೆ ಒಂದು ಸೂಚನೆಯಾದೀತು; ಪ್ರಮಾಣವಾಗಲಾರದು. ಗೊತ್ತಾದ ವಾಕ್ಯದ ಒಂದೊಂದು ಧ್ವನಿಯೂ ನಿರೀಕ್ಷಿತ ರೂಪಕ್ಕೆ ಎಷ್ಟು ಸಮೀಪವಾಗಿದೆ ಎಂದು ನೋಡುವ, ವಿಟ್ ಮತ್ತು ಯಂಗ್ 2000ದಲ್ಲಿ ವಿವರಿಸಿದ ಮಾರ್ಗ ಉಚ್ಚಾರಣೆಗೆ ಹೆಚ್ಚು ನೇರವಾದುದು. ಅದಕ್ಕೂ ಆಧಾರ ಯಾರ ಧ್ವನಿ ಎಂಬ ಪ್ರಶ್ನೆ ಮಾತ್ರ ಉಳಿದೇ ಇರುತ್ತದೆ.

ಕಾಲೇಜುಗಳಲ್ಲಿ ಇದನ್ನು ಬಳಸುವವರಿಗೆ ಮೂರು ಸೂಚನೆಗಳನ್ನು ಮಾಡಬಯಸುತ್ತೇವೆ. ಮೊದಲನೆಯದಾಗಿ, ಪರೀಕ್ಷೆಯ ವಾಕ್ಯಗಳನ್ನು ಬೇರೆ ಬೇರೆ ಜಿಲ್ಲೆಗಳ ಕನ್ನಡಿಗರಿಂದಲೇ ಓದಿಸಿ ನೋಡಬೇಕು. ಅವರ ಮಾತನ್ನೇ ತಪ್ಪಾಗಿ ಬರೆಯುವ ಯಂತ್ರ ಪರೀಕ್ಷಕನ ಪೀಠಕ್ಕೆ ಅರ್ಹವಲ್ಲ. ಎರಡನೆಯದಾಗಿ, ‘ಹುಲಿ–ಹುಳಿ’, ‘ಬಲೆ–ಬಳೆ’, ‘ಮನೆ–ಮಣೆ’ ಮೊದಲಾದ ಜೋಡಿಗಳನ್ನು ಎರಡೂ ಪದಗಳು ಸಮನಾಗಿ ಸಲ್ಲುವ ವಾಕ್ಯಗಳಲ್ಲಿ ಓದಿಸಬೇಕು. ಆಗ ಊಹೆಗೆ ಎಡೆ ಕಡಮೆಯಾಗುತ್ತದೆ. ಮೂರನೆಯದಾಗಿ, ಯಂತ್ರ ತಪ್ಪೆಂದುದನ್ನು ಮಾತ್ರವಲ್ಲದೆ ಸರಿಯೆಂದುದರಲ್ಲಿಯೂ ಕೆಲವನ್ನು ಅಧ್ಯಾಪಕರು ತಮ್ಮ ಕಿವಿಯಿಂದಲೇ ಕೇಳಬೇಕು. ದಣಿದ ಕಿವಿಗೆ ಯಂತ್ರ ಊರುಗೋಲಾಗಬಹುದು. ತೀರ್ಪು ಮಾತ್ರ, ಮಾತನ್ನು ಕೇಳಿದವರದೇ ಆಗಬೇಕು.